ಬಾಗಿಲ ಹಿಂದೆ

"ಮೊದಲನೇ ಸಲ ಅತ್ತಿದ್ರಲ್ಲಾ ವೈನಿ, ಅದನ್ನ ಇನ್ನೊಮ್ಮೆ ತೋರಿಸಬೇಕ್ರಿ," ಎಂದ ರಾಜಪ್ಪ.

ಸತ್ತೆವ್ವ ಬೀಸುವ ಕಲ್ಲಿನ ಗೂಟ ಬಿಟ್ಟು ತಲೆ ಎತ್ತಿದಳು. ಕುಲಗೋಡದ ಸಣ್ಣಾಟದ ಮೇಳದಲ್ಲಿ ಹೆಣ್ಣುವೇಷ ಕಟ್ಟುತ್ತಿದ್ದವನು ಅವಳ ಗಂಡ ಲಗಮಪ್ಪ. ಹೋದ ತಿಂಗಳು ಯಮಕನಮರಡಿಗೆ ಆಟಕ್ಕೆ ಹೋದವನು ಕಾಲರಾ ಬಡಿದು ಸತ್ತ. ಬೇನೆಯ ಹೆಣ ಊರಿಗೆ ಬೇಡವೆಂದು ಮೇಳದವರು ಅಲ್ಲೇ ಮಣ್ಣು ಮಾಡಿ ಬಂದರು. ಸುದ್ದಿ ತಂದವನು ಈ ರಾಜಪ್ಪನೇ. ಸತ್ತವನ ವೇಷವೂ ಈಗ ಇವನ ಪಾಲಿಗೆ ಬಂದಿತ್ತು.

"ಎರಡನೇ ಸಲ ನೀವು ಅಳಲೇ ಇಲ್ಲ. ನಾನಽ ಎದುರು ನಿಂತಿದ್ದೆ."

ಅಳಲಿಲ್ಲ, ಖರೆ. ಮೊದಲನೇ ಸಲ ಇದೇ ರಾಜಪ್ಪ ಇದೇ ಹೊಸ್ತಿಲ ಮೇಲೆ ನಿಂತು, ಲಗಮಪ್ಪ ಗೋಕಾಕದ ಹೊಳೆಯಲ್ಲಿ ಕೊಚ್ಚಿಹೋದ ಎಂದಿದ್ದ. ಅವಳು ನೆಲಕ್ಕೆ ಬಿದ್ದು ಗೋಳಾಡಿದ್ದಳು. ಬಳೆ ಒಡೆದುಕೊಳ್ಳಲು ಕೈ ಎತ್ತಿದಾಗ ತಲೆಬಾಗಿಲ ಹಿಂದಿನ ಕತ್ತಲೆಯಿಂದ ಲಗಮಪ್ಪ ನಗುತ್ತ ಹೊರಗೆ ಬಂದಿದ್ದ. ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದಿ, ಅದೇ ಎದೆಯಲ್ಲಿ ಮುಖ ಹುದುಗಿಸಿ ನಕ್ಕಿದ್ದಳು. ಹಾಗಾಗಿ ಎರಡನೇ ಸಲ ಸುದ್ದಿ ಬಂದಾಗ ಅವಳು ರಾಜಪ್ಪನ ಮುಖ ನೋಡಲಿಲ್ಲ, ಬಾಗಿಲು ನೋಡಿದಳು. ಹೆಂಗಸರು ಅವಳನ್ನು ಕೂರಿಸಿಕೊಂಡು ಬಳೆ ಒಡೆಯುವಾಗಲೂ ಬಾಗಿಲನ್ನೇ ನೋಡುತ್ತಿದ್ದಳು.

ಅತ್ತೆ ಕಾಡವ್ವ ಅಂದಿನಿಂದ ಸೊಸೆಯೊಡನೆ ಮಾತು ಬಿಟ್ಟಿದ್ದಳು. "ನನ್ನ ಮಗನ ಸಲುವಾಗಿ ಹನಿ ನೀರು ಹಾಕಲಾರದ ಕಣ್ಣು ನನ್ನ ಮನಿಯಾಗ ಬ್ಯಾಡ," ಎಂದು ಸೊಸೆಯ ತವರೂರು ನಿಡಸೋಸಿಗೆ ಹೇಳಿ ಕಳಿಸಿದ್ದಳು. ನಾಳೆ ಸತ್ತೆವ್ವನ ಅಣ್ಣ ಚಕ್ಕಡಿ ತರುವವನಿದ್ದ. ಸತ್ತೆವ್ವನಿಗೆ ತವರು ಬೇಡವಾಗಿತ್ತು. ತವರಿನಲ್ಲಿ ಈ ಬಾಗಿಲು ಇರಲಿಲ್ಲ.

"ಪುರಾಣದಾಗಿನ ಪಾತ್ರ ಆಗಿದ್ರ ಯಾರನ್ನರ ಕೇಳಿ ಕಲೀತಿದ್ದೆ," ರಾಜಪ್ಪ ಕುಕ್ಕುರುಗಾಲಲ್ಲಿ ಕೂತ. "ಈ ಪಾರವ್ವ ಅನ್ನೂ ಪಾತ್ರ ಲಗಮಪ್ಪಣ್ಣ ತಾನಽ ಹುಟ್ಟಿಸಿದ್ದು. ಬರೂ ಸೋಮವಾರ ಹುಕ್ಕೇರ್‍ಯಾಗ ಆಟ ಐತಿ. ನಾ ಅತ್ರ ಮಂದಿ ನಗತಾರ್ರಿ."

"ಹುಟ್ಟಿಸಿದ್ನಾ? ಹೆಂಗ?"

"ಹೊಸಾ ಹೆಣ್ಣಿನ ಪಾತ್ರ ಕಟ್ಟಬೇಕಂದ್ರ ಮೂರು ತಿಳೀಬೇಕು ಅಂತಿದ್ದ. ಆಕಿಗೆ ಏನ ಬೇಕು, ಆಕಿ ಏನ ಮುಚ್ಚಿಡತಾಳ, ಯಾರೂ ನೋಡಲಾರದಾಗ ಆಕಿ ಕೈ ಏನ ಮಾಡತಾವ. ಮೊದಲಿನ ಎರಡು ಕುಂತು ವಿಚಾರ ಮಾಡಿದ್ರ ಸಿಗತಾವಂತ. ಮೂರನೇದಕ್ಕ ಬಾಗಿಲ ಹಿಂದ ನಿಂದರಬೇಕಂತ."

ಸತ್ತೆವ್ವನ ಕೈಯಲ್ಲಿದ್ದ ಜೋಳ ಕಲ್ಲಿನ ಬಾಯಿಗೆ ಬೀಳದೆ ಪಕ್ಕಕ್ಕೆ ಚೆಲ್ಲಿತು.

"ಅವತ್ತ ಅದಕ್ಕ ನಿಂತಿದ್ನೇನು?"

"ಮತ್ತ? ಬರೇ ಚ್ಯಾಷ್ಟಿ ಅಂದಕೊಂಡಿದ್ರೇನು? ಒಂದು ಕೈಲೆ ನೆಲ ಬಡಿಯೂದು, ಇನ್ನೊಂದು ಕೈ ಹೊಟ್ಟಿ ಮ್ಯಾಲ. ಅಣ್ಣ ಅದನ್ನ ಮಾಡಿದ ಅಂದ್ರ ಗಂಡಸರು ಸೈತ ಪಟಕಾ ಬಿಚ್ಚಿ ಕಣ್ಣ ಒರಸಕೊಂತಿದ್ರು. ಎಲ್ಲಾ ನಿಮ್ಮದಽರಿ ಅದು."

ಹೆಂಡತಿಯ ಕಣ್ಣು ಬಿದ್ದರೆ ವೇಷ ನಿಲ್ಲುವುದಿಲ್ಲ ಎಂದು ಲಗಮಪ್ಪ ಅವಳನ್ನು ಎಂದೂ ಆಟಕ್ಕೆ ಕರೆದುಕೊಂಡು ಹೋಗಿರಲಿಲ್ಲ.

"ನಾ ಎಷ್ಟ ಜೀವ ಇಟ್ಟೇನಿ ಅಂತ ನೋಡಾಕ ನಿಂತಿದ್ದ ಅಂದಕೊಂಡಿದ್ದೆ," ಎಂದಳು.

ರಾಜಪ್ಪ ಕಿವಿ ತುರಿಸಿಕೊಂಡ. "ಅದೂ ಇದ್ದಿರಬೇಕ್ರಿ."

ಸತ್ತೆವ್ವ ಹಿಟ್ಟಿನ ಕೈ ಕೊಡವಿದಳು. "ಹೋಗು. ನಿಂದರು."

"ಎಲ್ಲೆ?"

"ಬಾಗಿಲ ಹಿಂದ."

ಅವಳು ನೆನಪಿನಿಂದ ಒಂದೊಂದನ್ನೇ ಎತ್ತಿ ತಂದಳು. ಒಂದು ಕೈ ನೆಲಕ್ಕೆ, ಒಂದು ಕೈ ಹೊಟ್ಟೆಗೆ. ದನಿ ಬಂತು, ಏರಿತು. ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿದ್ದಂತೆ ಅವಳಿಗೇ ಕೇಳಿಸಿತು. ಕಣ್ಣುಗಳು ಮಾತ್ರ ಒಣಗಿಯೇ ಇದ್ದವು. ಹಿತ್ತಲಲ್ಲಿ ಕುಳ್ಳು ತಟ್ಟುತ್ತಿದ್ದ ಕಾಡವ್ವ ಸಗಣಿಗೈಯಲ್ಲೇ ಓಡಿ ಬಂದಳು, ಸೊಸೆಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು.

"ಅಳು ನನ್ನವ್ವ, ಅಳು! ಈಗರ ಎದಿ ಒಡೀತಲ್ಲ. ನಿಮ್ಮಣ್ಣನ ಚಕ್ಕಡಿ ಹೊಳ್ಳಿಸಿ ಕಳಸ್ತೇನಿ. ನೀ ಎಲ್ಲಿಗೂ ಹೋಗಬ್ಯಾಡ, ಈ ಮನಿ ನಿಂದು." ತಾನೂ ಅತ್ತು, ಮೂಗು ಒರೆಸಿಕೊಂಡು, ಹಿತ್ತಲ ಗೋಡೆಯಾಚೆಯ ನೆರೆಯವಳನ್ನು ಕೂಗುತ್ತ ಹೋದಳು: "ಏ ಮರೆವ್ವಾ, ನಮ್ಮ ಸತ್ತೆವ್ವ ಅತ್ತಳವ್ವಾ!"

ಮನೆ ಸುಮ್ಮನಾಯಿತು. ಆಮೇಲೆ ಬಾಗಿಲು ಕಿರ್ರೆಂದಿತು.

ಸತ್ತೆವ್ವ ಬಾಗಿಲತ್ತ ತಿರುಗಿದಳು. ಜಾರಿದ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಳ್ಳಲು ಕೈ ತಾನಾಗಿ ಮೇಲೆ ಹೋಯಿತು. ಕತ್ತಲೆಯಿಂದ ಗಂಡಸೊಬ್ಬ ತಲೆ ಬಗ್ಗಿಸಿ ಹೊರಗೆ ಬಂದ, ತಲೆ ಎತ್ತಿದ. ರಾಜಪ್ಪ.

ಎತ್ತಿದ ಕೈ ಸೆರಗಿನ ಅಂಚಿನಲ್ಲೇ ನಿಂತಿತು. ಅವಳು ಬೀಳಲಿಲ್ಲ, ನೆಲ ಬಡಿಯಲಿಲ್ಲ, ಬಾಯಿಂದ ಸದ್ದೇ ಹೊರಡಲಿಲ್ಲ. ಕಣ್ಣೀರು ಗದ್ದದಿಂದ ಇಳಿದು ಹಿಟ್ಟಿನ ಮೇಲೆ ಬೀಳತೊಡಗಿತು. ಒರೆಸಿಕೊಳ್ಳಬೇಕೆಂದು ಅವಳಿಗೆ ತೋಚಲಿಲ್ಲ.

ರಾಜಪ್ಪ ಸ್ವಲ್ಪ ಹೊತ್ತು ಅವಳ ಕೈಯನ್ನೇ ನೋಡುತ್ತ ನಿಂತ. ಆಮೇಲೆ ತಲೆ ಅಲ್ಲಾಡಿಸಿದ.

"ಇದು ಬ್ಯಾಡ್ರಿ ವೈನಿ. ಮೊದಲು ಮಾಡಿದ್ದಽ ಇರಲಿ. ಇದು ಹಿಂದ ಕುಂತ ಮಂದಿಗೆ ಕಾಣಂಗಿಲ್ಲ."