ತುಟಿಯೊಳಗಿನ ಬಿಳಿ ಮಚ್ಚೆ

ದಂತವೈದ್ಯೆ ರಿಹಾಬ್, ಕುರ್ಚಿಯಲ್ಲಿ ಒರಗಿದ್ದ ಬತೂಲಳ ಕೆಳತುಟಿಯನ್ನು ಬೆರಳಿನಿಂದ ಹೊರಳಿಸಿ, ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ತುಟಿಯ ಒಳಗೆ ಎಡಕ್ಕೆ, ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಒಂದು ಬಿಳಿ ಮಚ್ಚೆ. ಹತ್ತಿಯಿಂದ ಒರೆಸಿದರೂ ಹೋಗಲಿಲ್ಲ.

"ಎಷ್ಟು ದಿನದಿಂದ ಇದೆ ಚಿಕ್ಕಮ್ಮ?"

"ಯಾರಿಗೆ ಗೊತ್ತು ಮಗಳೇ. ಮೆಣಸಿನ ಚಟ್ನಿ ತಾಗಿದ್ರೆ ಉರಿಯುತ್ತೆ, ಅದಕ್ಕೇ ಬಂದೆ."

"ತುಟಿ ಹಿಂದೆ ಹೊಗೆಸೊಪ್ಪಿನ ಉಂಡೆ, ತುಂಬಾಕ್, ಇಡ್ತೀರಾ?"

"ನಾನಾ? ಚೆನ್ನಾಗಿ ಕೇಳಿದೆ. ಅಲ್ಲಿ ಕೂತಿದ್ದಾರಲ್ಲ ನಮ್ಮನೆಯವರು, ಅವರ ತುಟಿ ನೋಡು, ಒಳಗೆ ಇಲಿಮರಿ ಅಡಗಿ ಕೂತ ಹಾಗಿದೆ. ಮನೆಗೆ ಒಬ್ರು ಸಾಕು."

ಮೂಲೆಯ ಕುರ್ಚಿಯಲ್ಲಿದ್ದ ಗಂಡ ಬಾಬಿಕರ್ ನಗಬೇಕಿತ್ತು, ಆಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದಾನೆ. ಅತ್ಬರಾ ಪಟ್ಟಣದ ರೈಲು ಕಾರ್ಖಾನೆಯಿಂದ ಸಂಜೆ ಮನೆಗೆ ಬರುವಷ್ಟರಲ್ಲಿ ಕಪಾಟಿನ ತನ್ನ ಡಬ್ಬಿಯ ತುಂಬಾಕ್ ಒಂದು ಚಿಟಿಕೆ ಇಳಿದಿರುತ್ತಿತ್ತು. ಹೆಂಗಸು ತುಂಬಾಕ್ ಇಟ್ಟಳೆಂದರೆ ಕೇರಿಯೆಲ್ಲ ಆಡಿಕೊಳ್ಳುತ್ತದೆ. ಪಾಪ, ಗುಟ್ಟು ಗುಟ್ಟಾಗಿಯೇ ಇರಲಿ ಎಂದು ಅವನು ಪಿಟ್ಟೆನ್ನಲಿಲ್ಲ. ಡಬ್ಬಿಯ ತಳ ಕಾಣದಂತೆ ತುಂಬಿಸಿಡುತ್ತಿದ್ದ, ಅಷ್ಟೇ.

"ಹಾಗಾದ್ರೆ ನೀವು ಕಟ್ಟಿಸಿಕೊಂಡ ಹಲ್ಲಿನ ಸೆಟ್ ತಾಗಿ ತಾಗಿ ಆಗಿರ್ಬೇಕು," ಎನ್ನುತ್ತ ರಿಹಾಬ್ ಚೀಟಿ ಬರೆಯತೊಡಗಿದಳು. "ಸೆಟ್ ಸ್ವಲ್ಪ ಉಜ್ಜಿ ಸರಿಮಾಡ್ತೀನಿ, ಈ ಮುಲಾಮು ಹಚ್ಕೊಳಿ. ತುಂಬಾಕಿನಿಂದ ಆಗಿದ್ರೆ ಭಯ ಇತ್ತು. ಕ್ಯಾನ್ಸರ್‌ಗೆ ತಿರುಗಿದೆಯೋ ಅಂತ ಇವತ್ತೇ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕಿತ್ತು."

ಬತೂಲ್ ಆಗಲೇ ಕುರ್ಚಿಯಿಂದ ಇಳಿದು ಸೆರಗನ್ನು ತಲೆಗೆ ಎಳೆದುಕೊಳ್ಳುತ್ತಿದ್ದಳು. ಬಾಬಿಕರ್ ಕುರ್ಚಿಯ ತುದಿಗೆ ಸರಿದ. ಮಾತಾಡಿದರೆ ಮಗಳ ವಯಸ್ಸಿನವಳ ಮುಂದೆ ಹೆಂಡತಿಯ ಮಾನ ಹೋಗುತ್ತದೆ. ಸುಮ್ಮನಿದ್ದರೆ ಹೆಂಡತಿಯೇ ಹೋಗಬಹುದು.

"ಡಾಕ್ಟರೇ, ಇಡ್ತಾಳೆ," ಎಂದ. "ಇಪ್ಪತ್ತೆರಡು ವರ್ಷ ಆಯ್ತು. ದಿನಾ."

ಸೆರಗು ಹಿಡಿದ ಬತೂಲಳ ಕೈ ಅಲ್ಲೇ ನಿಂತಿತು. ರಿಹಾಬ್ ಚೀಟಿ ಹರಿದುಹಾಕಿ, ತುಟಿ ಮರಗಟ್ಟಿಸುವ ಸೂಜಿ ತರಲು ಒಳಗೆ ಹೋದಳು.

ಬಾಬಿಕರ್ ಎದ್ದುಬಂದು ಹೆಂಡತಿಯ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಮೊದಲಿಂದ್ಲೂ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಒಂದಿನಾನೂ ಕೇಳ್ಲಿಲ್ಲ?"

"ನಿನಗೆ ನಾಚಿಕೆ ಆಗುತ್ತೆ ಅಂತ ಕಣೇ."

ಬತೂಲ್ ಅವನ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

"ಕೇಳಿದ್ದಿದ್ರೆ ಆ ನಾಚಿಕೆಗೇ ತುಂಬಾಕ್ ಬಿಟ್ಟುಬಿಡ್ತಿದ್ನಲ್ರೀ," ಎಂದಳು.