ಮಡಿಲಲ್ಲಿದ್ದ ಮೀಸಲು

ಹೊಳೆಯ ನಡುವಿನ ಕುದ್ರುವಿನಲ್ಲಿ ಅಮ್ಮನವರ ಒಂದು ಗುಡಿ. ಆ ಪುಟ್ಟ ದ್ವೀಪಕ್ಕೆ ಹೋಗಲು ದೋಣಿಯೊಂದೇ ದಾರಿ...

ಆ ಶುಕ್ರವಾರ ದೋಣಿಯಲ್ಲಿ ವಾಮನ ಹೊಳ್ಳರು ಕೂತಿದ್ದರು. ಕುಂದಾಪುರದ ಕಡೆಯ ಹೋಟೆಲಿನವರು, ದೊಡ್ಡ ದೈವಭಕ್ತರು.

ಮಡಿಲಲ್ಲಿ ಸ್ಟೀಲಿನ ಡಬ್ಬಿ. ಒಳಗೆ ಹೆಂಡತಿ ಬೆಲ್ಲ, ತುಪ್ಪ ಹಾಕಿ ಮಡಿಯಲ್ಲಿ ಮಾಡಿದ ಪಂಚಕಜ್ಜಾಯ. ಮಗಳ ಕಷ್ಟದ ಹೆರಿಗೆ ಸುಸೂತ್ರವಾದರೆ ಒಪ್ಪಿಸುತ್ತೇನೆಂದು ಹೇಳಿಕೊಂಡ ಹರಕೆ ಅದು.

ದೇವಿಗೆ ಮುಟ್ಟುವವರೆಗೆ ಅದು ಮೀಸಲು... ಬೇರೆ ಯಾರೂ ಬಾಯಿಗೆ ಹಾಕುವಂತಿಲ್ಲ.

ಹೊಳೆಯ ನಡುವೆ ಬರುವಷ್ಟರಲ್ಲಿ ದೋಣಿಯ ಅಡಿ ಮರಳಿಗೆ ತಾಗಿ ನಿಂತುಬಿಟ್ಟಿತು. ಕಡಲಿನ ಇಳಿತದ ಹೊತ್ತು, ಹೊಳೆಯಲ್ಲಿ ನೀರು ತಗ್ಗಿತ್ತು. ದೋಣಿ ನಡೆಸುವ ಸಂಜೀವ ಉದ್ದನೆಯ ಗಳ ಹಿಡಿದು ನೂಕತೊಡಗಿದ.

ಆಗಲೇ ಹೊಳ್ಳರ ಪಕ್ಕದಲ್ಲಿದ್ದ ಅಕ್ಕಣಿ ಎಂಬ ಮುದುಕಿ ನಡುಗಲು ಶುರುಮಾಡಿದಳು. ಹಣೆಯ ತುಂಬ ಬೆವರು... ಮಾತು ತೊದಲುತ್ತಿತ್ತು.

"ಅತ್ತೆಗೆ ಶುಗರ್ ಇಳ್ದಿತ್ತ್," ಎಂದಳು ಸೊಸೆ ರೇವತಿ. "ಬೆಳಿಗ್ಗೆ ಇನ್ಸುಲಿನ್ ಚುಚ್ಚಿಸ್ಕಂಡ್ರ್. ಇಡ್ಲಿ ತಿನ್ನಿ ಅಂದ್ರೆ, ಪೂಜೆ ಆಪುವರೆಗೂ ಉಪವಾಸ ಅಂದ್ರ್. ಸೂಜಿ ಊಟ ಅಲ್ಲ ಅಲ್ದಾ, ಅದ್ರಿಂದ ಉಪವಾಸ ಕೆಡೂದಿಲ್ಲ ಅಂತ ನಂಗೇ ಬುದ್ಧಿ ಹೇಳ್ರ್... ಯಾರತ್ರಾದ್ರೂ ಸಿಹಿ ಇತ್ತಾ?"

"ಶುಗರ್ ಇಪ್ಪವ್ರಿಗೆ ಸಿಹಿ ಕೊಡೂದಾ?" ಎಂದ ಹಿಂದಿನಿಂದ ಒಬ್ಬ.

"ಈಗ ಕೊಡ್ದಿದ್ರೆ ಜೀವ ಉಳಿಯೂದಿಲ್ಲ ಮಾರಾಯ್ರೆ," ಎಂದಳು ರೇವತಿ.

ಎಲ್ಲರೂ ಚೀಲ ತಡಕಿದರು. ಎಲೆ ಅಡಿಕೆ ಇತ್ತು, ಮಲ್ಲಿಗೆ ಇತ್ತು. ಹಣ್ಣುಕಾಯಿ ಕುದ್ರುವಿನ ಅಂಗಡಿಯಲ್ಲೇ ಸಿಗುವುದರಿಂದ ಯಾರೂ ತಂದಿರಲಿಲ್ಲ.

ರೇವತಿ ಹೊಳ್ಳರ ಕಡೆ ತಿರುಗಿದಳು. "ಹೊಳ್ರೆ, ನಿಮ್ಮತ್ರ?"

"ನನ್ನದು ಅಂತ ಏನೂ ಇಲ್ಲ ಮಗಾ..." ಎಂದರು ಹೊಳ್ಳರು.

ಸುಳ್ಳಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಡಬ್ಬಿಯಲ್ಲಿರುವುದು ನನ್ನದಲ್ಲವಲ್ಲ, ದೇವಿಯದು. ಹರಕೆ ಕೆಟ್ಟು, ಹುಟ್ಟಿದ ಮಗುವಿಗೇನಾದರೂ ಆದರೆ?

ಮೆಲ್ಲಗೆ ಶಲ್ಯವನ್ನು ಡಬ್ಬಿಯ ಮೇಲೆಳೆದುಕೊಂಡರು. ಕಣ್ಣು ಮುಚ್ಚಿ ಮನಸಾರೆ ಬೇಡಿಕೊಂಡರು... "ತಾಯೀ, ಈ ಜೀವ ಉಳಿಸು."

ಡಬ್ಬಿ ಮಡಿಲಲ್ಲೇ ಇತ್ತು.

ಅಕ್ಕಣಿಯ ತಲೆ ಸೊಸೆಯ ಹೆಗಲಿನಿಂದ ಜಾರಿತು. ರೇವತಿ ಗುಡಿಯ ಕಡೆ ನೋಡಿ ಸಣ್ಣ ದನಿಯಲ್ಲಿ ಅಂದಳು:

"ಅಮ್ಮಾ, ನಿನ್ನ ಕಾಂಬುಕೆ ಅಂತ ಹಸ್ಕಂಡು ಬಂದವ್ರು ಇವ್ರು. ಬಾಗಿಲಿಗೆ ಬಂದವ್ರಿಗೆ ಒಂದು ತುತ್ತು ಕೊಡೂಕೆ ನಿನ್ ಹತ್ರನೂ ಇಲ್ಯಾ..."

ಹೊಳ್ಳರು ಕಣ್ಣು ತೆರೆದರು. ಇತ್ತು... ದೇವಿಯ ಹತ್ತಿರ ಇತ್ತು. ಕೊಡದೆ ಮುಚ್ಚಿಟ್ಟುಕೊಂಡವರು ತಾವು.

ಶಲ್ಯ ಸರಿಸಿ ಮುಚ್ಚಳ ತೆಗೆದರು.

ರೇವತಿ ಅತ್ತೆಯನ್ನು ಎತ್ತಿ ಕೂರಿಸಿದಳು. ಪಂಚಕಜ್ಜಾಯದ ಬೆಲ್ಲವನ್ನು ನೀರಲ್ಲಿ ಕರಗಿಸಿ, ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಕೆನ್ನೆಯ ಒಳಗೆ ಸವರಿದಳು. ಸ್ವಲ್ಪ ಹೊತ್ತಿಗೆ ಮುದುಕಿ ನುಂಗಿದಳು... ಕಣ್ಣು ಬಿಟ್ಟಳು.

ದೋಣಿಯೂ ಮರಳು ಬಿಟ್ಟು ಕದಲಿತು.

"ಹೊಳ್ರು ದೊಡ್ಡ ಮನುಷ್ಯರು, ದೇವರ ನೈವೇದ್ಯವನ್ನೇ ಕೊಟ್ರ್," ಎಂದು ಎಲ್ಲರೂ ಹೊಗಳುವವರೇ. ಒಂದೊಂದು ಮಾತೂ ಹೊಳ್ಳರಿಗೆ ಮುಳ್ಳಿನಂತೆ ಚುಚ್ಚಿತು.

ದಡದ ಕಟ್ಟೆಯ ಮೇಲೆ ಕೂತ ಅಕ್ಕಣಿ ಕೈಮುಗಿದಳು. "ನನ್ನಿಂದ ನಿಮ್ಮ ಮೀಸಲು ಮುರಿದೋಯ್ತ್ ಹೊಳ್ರೆ. ತಪ್ಪಾಯ್ತ್."

ಹೊಳ್ಳರಿಗೆ ತಡೆಯಲಾಗಲಿಲ್ಲ. "ತಪ್ಪು ನಿಮ್ಮದಲ್ಲ ಅಕ್ಕಾ. ಕೇಳಿದಾಗಲೇ ನನ್ನ ಮಡಿಲಲ್ಲಿತ್ತು. ಇದ್ದೂ ಇಲ್ಲ ಅಂದೆ."

ಅಕ್ಕಣಿ ನಕ್ಕಳು. "ನಂಗೊತ್ತಿತ್ತ್."

"ಹೇಗೆ?"

"ಪಕ್ಕದಾಗೇ ಕೂತಿದ್ದೆ ಅಲ್ದಾ... ತುಪ್ಪ, ಏಲಕ್ಕಿ ಪರಿಮಳ ಬತ್ತಿತ್ತ್. ಬಾಯಿ ಬಿಟ್ಟು ಕೇಂಬ ಅನ್ಸಿತ್ತ್. ನಿಮ್ಮ ಮನಿ ಹರಕೆ, ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ಸುಮ್ಮನಿದ್ದೆ."

ಹೊಳ್ಳರು ಅವಳ ಕಾಲ ಬಳಿ ಕೂತರು. ಯಾವ ಮಗುವಿನ ಹೆಸರಿನಲ್ಲಿ ತಾವು ಈಕೆಯನ್ನು ಸಾಯಲು ಬಿಟ್ಟಿದ್ದರೋ, ಆ ಮಗುವಿಗಾಗಿ ಈಕೆ ಸಾಯಲೂ ತಯಾರಿದ್ದಳು...

ಗುಡಿಯ ಗಂಟೆ ಮೊಳಗಿತು. ಮಂಗಳಾರತಿಗೆ ಜನ ಓಡಿದರು.

ಹೊಳ್ಳರು ಏಳಲಿಲ್ಲ. ಅಕ್ಕಣಿಯ ಮುಂದೆ ತಲೆ ತಗ್ಗಿಸಿ, ಬಿಕ್ಕಿ ಬಿಕ್ಕಿ ಅತ್ತರು.

*ದೇವರಿಗೆಂದು ಎತ್ತಿಟ್ಟದ್ದನ್ನು ದೇವರೇ ಹಸಿದು ಬಂದಾಗ ಕೊಡದಿದ್ದರೆ, ಅದು ಮೀಸಲಲ್ಲ... ಬರೀ ಬಚ್ಚಿಟ್ಟದ್ದು.*

ಇಂದು ನಮ್ಮ ಪಕ್ಕದಲ್ಲೇ ಕೂತು, ಗೊತ್ತಿದ್ದೂ ಕೇಳದೆ ಸುಮ್ಮನಿರುವವರು ಯಾರು...?