ಸತ್ತವರ ಹಾಜರಿ

"ನಿನ್ನ ಭಾವ ಇನ್ನೂ ಬದುಕಿದಾರಂತೆ" ಎಂದಳು ಅಕ್ಕ, ಹೋಟೆಲಿನ ಲಾಂಡ್ರಿಯ ಹಿಂಬಾಗಿಲಲ್ಲಿ ನಿಂತು. ಒದ್ದೆ ಚಾದರಗಳ ಗಾಡಿ ನೂಕುತ್ತಿದ್ದ ತಮ್ಮ ಹಾಗೆಯೇ ನಿಂತ. ಭಾವನನ್ನು ಮಣ್ಣು ಮಾಡಿ ಬಂದು ತಿಂಗಳಾಗಿತ್ತು. ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

"ಯಾರಂದ್ರು?"

"ವಿಮಾ ಕಚೇರಿಯವರು. ವಿಧವಾ ಪಿಂಚಣಿ ಕೇಳೋಕೆ ಹೋದರೆ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಅಮ್ಮಾ, ನಿಮ್ಮ ಯಜಮಾನರು ಕಳೆದ ವಾರವೂ ಕೆಲಸಕ್ಕೆ ಹೋಗಿದಾರೆ, ತೆರಿಗೆ ಕಟ್ಟಿದಾರೆ, ಓವರ್‌ಟೈಮ್ ಬೇರೆ ಮಾಡಿದಾರೆ ಅಂದರು. ಓವರ್‌ಟೈಮು, ಆ ಮನುಷ್ಯ!"

ತಮ್ಮನ ವೀಸಾ ತಾತ್ಕಾಲಿಕದ್ದು, ಒಬ್ಬ ಮಾಲೀಕನಿಗೆ ಕಟ್ಟಿಹಾಕಿದ್ದು. ಆ ಮಾಲೀಕ ಅಂಗಡಿ ಮುಚ್ಚಿದಾಗ ಅವನು ಊರಿಗೆ ವಾಪಸು ಹೋಗಬೇಕಿತ್ತು. ಹೋಗಲಿಲ್ಲ. ಭಾವನಿಗೆ ಕಾಯಂ ಪರವಾನಗಿ ಇತ್ತು, ಕೆಲಸ ಮಾಡುವ ಮನಸ್ಸಿರಲಿಲ್ಲ. ತಮ್ಮನಿಗೆ ಮನಸ್ಸಿತ್ತು, ಪರವಾನಗಿ ಇರಲಿಲ್ಲ. ಮನೆಯೊಳಗೇ ಬಗೆಹರಿಯುವ ವಿಷಯ. ಹೆಸರು ಭಾವನದು, ವಿಮಾ ಸಂಖ್ಯೆ ಭಾವನದು, ತೋಳು ತಮ್ಮನದು. ಪ್ರತಿ ತಿಂಗಳೂ ಸಂಬಳದಿಂದ ಕಡಿತವಾದ ಕಂತು ಭಾವನ ಲೆಕ್ಕಕ್ಕೆ ಜಮೆಯಾಗುತ್ತಿತ್ತು. "ನೀನು ದುಡಿ ಮಾರಾಯ, ದಣಿಯೋದು ನನಗೆ ಬಿಡು" ಎಂದು ಭಾವ ಸೋಫಾದ ಮೇಲೆ ಕಾಲು ಚಾಚುತ್ತಿದ್ದ. ಕೊಟ್ಟ ಮಾತಿಗೆ ತಪ್ಪಿದವನಲ್ಲ. ಅವನು ತೀರಿಕೊಂಡಾಗ ಮನೆ ಮಾಲೀಕನಿಗೆ ಹೇಳಬೇಕು, ಫೋನಿನವರಿಗೆ ಹೇಳಬೇಕು ಎಂದೆಲ್ಲ ನೆನಪಾಯಿತು. ಸತ್ತವನು ಕೆಲಸಕ್ಕೆ ಹೋಗಬಾರದು ಎಂಬುದೊಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

"ಒಂದೋ ನೀನು ದುಡೀಬೇಕು, ಒಂದೋ ಅವರು ಸಾಯಬೇಕು. ಎರಡೂ ಒಟ್ಟಿಗೆ ನಡೆಯಲ್ಲ" ಎಂದಳು ಅಕ್ಕ. "ಪಿಂಚಣಿ ಮನೆ ಹಾಳಾಗಲಿ. ನೀನು ದುಡಿ."

"ಪಿಂಚಣಿ ನೀನಿರೋವರೆಗೂ ಬರತ್ತೆ. ನನ್ನ ಸೊಂಟ ಅಷ್ಟು ದಿನ ಬರಲ್ಲಕ್ಕ."

"ಆಮೇಲೆ ನೀನು?"

"ಬಂದ ದಾರಿ ಇದ್ದೇ ಇದೆ" ಎಂದವನು ಏಪ್ರನ್ ಬಿಚ್ಚಿ ಗಾಡಿಯ ಮೇಲೆ ಹಾಕಿದ.

ಇಬ್ಬರೂ ಮೆಟ್ಟಿಲು ಹತ್ತಿ ಸಂಬಳದ ಮೇಡಂ ಕೋಣೆಗೆ ಹೋದರು. ಮೇಡಂ ಕೂಡ ಇವರ ಕಡೆಯವಳೇ, ಬಹಳ ಹಿಂದೆ ಬಂದು ಬೇರುಬಿಟ್ಟವಳು. ಅಕ್ಕ ಮುಂದಿಟ್ಟ ಮರಣಪತ್ರವನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಇವರು ತೀರಿಕೊಂಡಿದ್ದು ಹೋದ ತಿಂಗಳು."

"ಹೌದು" ಎಂದಳು ಅಕ್ಕ.

"ಹಾಗಾದರೆ ಬೆಳಿಗ್ಗೆ ಬಂದು, ಹೊಸ ಕೈಗವಸು ಕೊಡಿ ಅಂತ ನನ್ನ ತಲೆ ತಿಂದಿದ್ದು ಯಾರು?"

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು. ಮೇಡಂ ಡ್ರಾಯರಿನಿಂದ ಒಂದು ರಜೆಚೀಟಿ ಎಳೆದಳು. "ಭಾವನ ಸಾವಿಗೆ ಮೂರು ದಿನ ರಜೆ ಅಂತ ಬರೆದಿದೀಯ. ಕೆಳಗೆ ಭಾವನದೇ ಸಹಿ. ತನ್ನ ಸಾವಿಗೆ ತಾನೇ ರಜೆ ಹಾಕಿ, ನಾಲ್ಕನೇ ದಿನ ಸರಿಯಾದ ಹೊತ್ತಿಗೆ ಹಾಜರಾದ ಗಿರಾಕಿಯನ್ನ ಇದೇ ಮೊದಲು ನೋಡ್ತಿರೋದು."

"ದುಃಖದಲ್ಲಿ ತಿಳೀಲಿಲ್ಲ ಮೇಡಂ" ಎಂದ ತಮ್ಮ. ಅವನ ಕಣ್ಣು ಮೇಜಿನ ಮೇಲಿನ ಫೋನಿನ ಮೇಲಿತ್ತು. ಮೇಡಂ ಕೈಯೂ ಅದರ ಪಕ್ಕದಲ್ಲೇ ಇತ್ತು. ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇದ್ದು, ಆಮೇಲೆ ಪೆನ್ನು ಹುಡುಕಿತು.

"ನಿಜ ಬರೆದರೆ ನೀನು ನಾಳೆ ವಿಮಾನದಲ್ಲಿರ್ತೀಯ. ಕಟ್ಟಿದ ಕಂತೆಲ್ಲ ಸುಳ್ಳಾಗತ್ತೆ, ಇವರಿಗೆ ಬಿಡಿಗಾಸೂ ಸಿಗಲ್ಲ. ಅದರ ಬದಲು, ಸತ್ತ ದಿನದಿಂದ ಈಚೆ ಹಾಜರಿ ಹಾಕಿದ್ದು ನನ್ನ ಕಣ್ತಪ್ಪು ಅಂತ ಬರೀತೀನಿ. ಆಮೇಲಿನ ಸಂಬಳ ವಾಪಸು ಕೊಡಬೇಕು. ನೀನು ಈ ಗೇಟಿನೊಳಗೆ ಮತ್ತೆ ಕಾಲಿಡೋ ಹಾಗಿಲ್ಲ. ಸತ್ತವರು ಸತ್ತ ಹಾಗೆ ಇರಬೇಕು."

ಯಾಕೆ ಈ ಉಪಕಾರ ಎಂದು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ. ಬೇರು ಬಿಡುವ ಮುಂಚೆ ಅವಳೂ ಯಾರ ಹೆಸರಿನಲ್ಲಿದ್ದಳೋ.

"ಇವತ್ತಿನ ಪಾಳಿ ಮುಗಿಸಿ ಹೋಗಲಾ?" ಎಂದ ತಮ್ಮ. "ಅರ್ಧಕ್ಕೆ ಬಿಟ್ಟು ಬಂದಿದೀನಿ."

"ಇವತ್ತು ನೀನು ಬಂದೇ ಇಲ್ಲ."

ಅವನು ಗುರುತಿನ ಚೀಟಿಯನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟ. ಮೇಡಂ ಬರೆಯುತ್ತಾ ಹೋದಳು. ಪಿಂಚಣಿಯ ಕಾಗದದಲ್ಲಿ ನೌಕರನ ನಡತೆಯ ಬಗ್ಗೆಯೂ ನಾಲ್ಕು ಮಾತು ಬೇಕಂತೆ. ಬರೆದದ್ದನ್ನು, ಕೆಲಸದವರ ಮನೆಯವರಿಗೆ ಓದಿಹೇಳುವ ಎಂದಿನ ದನಿಯಲ್ಲಿ ಅಕ್ಕನಿಗೆ ಓದಿದಳು. "ಒಂದು ದಿನವೂ ತಡವಾಗಿ ಬಂದವರಲ್ಲ. ಎಷ್ಟು ಭಾರ ಹೊರಿಸಿದರೂ ಗೊಣಗಿದವರಲ್ಲ. ಊಟದ ಹೊತ್ತಿನಲ್ಲೂ ಮನೆಯವರ ಮಾತೇ. ಇಂಥವರು ಸಿಗುವುದು ಕಷ್ಟ."

ಅಕ್ಕ ಮಣ್ಣು ಮಾಡುವ ದಿನ ಅತ್ತಿರಲಿಲ್ಲ. ಈಗ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಹೆಗಲು ಕುಲುಕುವಂತೆ ಅಳತೊಡಗಿದಳು. ಸಮಾಧಾನ ಮಾಡಲು ಕೈ ಚಾಚಿದ ತಮ್ಮ, ತಾನು ಅಲ್ಲಿಲ್ಲ ಎಂಬುದು ನೆನಪಾಗಿ, ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.